ಕುಂಕುಮದ ಕೆಳಗಿನ ಬಾಣ

ಭಾನುವಾರ ಬೆಳಿಗ್ಗೆಯೆಂದರೆ ನಮ್ಮಲ್ಲಿ ಮಂಡಕ್ಕಿ ಒಗ್ಗರಣೆ. ಅವತ್ತೂ ಹಾಗೇ. ಹಾಲು ಕಾಯಿಸಿ, ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು ಒಳಗೆ ಬಂದಾಗ ಇನ್ನೂ ಆರೂವರೆ. ಹುರಿಗಡಲೆ ಪುಡಿ ಮಾಡಿಟ್ಟುಕೊಂಡು, ಮಂಡಕ್ಕಿಯನ್ನು ಬೋಗುಣಿಯ ನೀರಿಗೆ ಸುರಿದೆ. ಸುರಿದ ಮೇಲೆ ಕೈ ನಿಧಾನ ಮಾಡುವಂತಿಲ್ಲ. ಒಂದು ಕ್ಷಣ ತಡವಾದರೂ ಮುದ್ದೆಯಾಗುತ್ತದೆ.

ಅಂಗಳದಲ್ಲಿ ಮಗಳು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಳು. ಪಂಪಿನ ಉಸಿರು ಅಡುಗೆಮನೆಯ ಕಿಟಕಿಗೆ ಕೇಳಿಸುತ್ತಿತ್ತು. ಅವಳ ಗೆಳತಿ ಕುಕ್ಕರಗಾಲಲ್ಲಿ ಕೂತು ಹಳೆಯ ಸೈಕಲ್ಲಿನ ಚಕ್ರ ತಿರುಗಿಸಿ ನೋಡುತ್ತಿದ್ದಳು. ಇಬ್ಬರೂ ಡಿಗ್ರಿಯ ಕೊನೆಯ ವರ್ಷ, ಒಂದೇ ಬೆಂಚು. ಆ ಹುಡುಗಿ ಆನವಟ್ಟಿಯಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದವಳು, ಪರೀಕ್ಷೆ ಮುಗಿದ ಖುಷಿಗೆ ಶನಿವಾರ ರಾತ್ರಿ ನಮ್ಮಲ್ಲೇ ಉಳಿದಿದ್ದಳು. ಗುಡ್ಡದ ಮೇಲೆ ಸೈಕಲ್ ಹೊಡೆಯಬೇಕೆಂದು ಒಂದು ವರ್ಷದಿಂದ ಆಸೆ. ಅವಳಿಗೆ ಅದು ಮೊದಲ ಸಲ.

ತಿಂಡಿಗೆ ಕೂತಾಗ ತಟ್ಟೆ ಮುಂದೆ ಮಾಡಿ, "ಆಂಟಿ, ಇನ್ನೊಂಚೂರು ಹಾಕ್ರಿ. ನಮ್ಮಮ್ಮ ಮಾಡಿದ್ರೆ ಗೋಡೆಗೆ ಮೆತ್ತಬೋದು" ಅಂದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಕೈ ಬೆರಳಲ್ಲಿ ಗ್ರೀಸಿನ ಕಪ್ಪು ಉಳಿದಿತ್ತು.

ಆದರೆ ಅದಕ್ಕೂ ಮೊದಲು, ನನ್ನ ಎರಡೂ ಕೈ ಮಂಡಕ್ಕಿಯ ನೀರಿನಲ್ಲಿದ್ದಾಗ, ಮಗಳು ಕಿಟಕಿಯ ಹತ್ತಿರ ಬಂದು ಕೇಳಿದ್ದಳು: "ಅಮ್ಮಾ, ಆ ಕವಲಿನ ಕಲ್ಲು ಒರೆಸಿ ಬಾಣ ಬರೆದ್ಯಾ?"

"ಹೂಂ" ಅಂದೆ.

ಬರೆದಿರಲಿಲ್ಲ.

ಊರಿನಿಂದ ಬಳ್ಳಿಗಾವಿ ಕಡೆ ಹೋಗುವಾಗ ಬಲಕ್ಕೆ ಒಂದು ಗೋಮಾಳದ ಗುಡ್ಡವಿದೆ. ಅಕೇಶಿಯಾ ನೆಟ್ಟು ಬಿಟ್ಟ ಗುಡ್ಡ. ಆಡು ಕಾಯುವವರು, ಸೌದೆಗೆ ಹೋಗುವವರು ಮಾಡಿದ ಕಾಲುದಾರಿಗಳನ್ನೇ ಮಗಳು ಮತ್ತು ಅವಳ ಕಾಲೇಜಿನ ಮೂರ್ನಾಲ್ಕು ಮಂದಿ ಮುಳ್ಳು ಕಡಿದು, ಒಂದಕ್ಕೊಂದು ಜೋಡಿಸಿ, ಗೇರ್ ಸೈಕಲ್ ಹೊಡೆಯುವ ದಾರಿ ಮಾಡಿಕೊಂಡಿದ್ದರು. ಹತ್ತುವ ದಾರಿ ಬೇರೆ; ಮೇಲಿನಿಂದ ಇಳಿಯುವಾಗ ಅರ್ಧದಲ್ಲಿ ಒಂದು ಕವಲು ಬರುತ್ತದೆ. ಎಡಕ್ಕೆ ತಿರುಗಿದರೆ ಕೆರೆ ಏರಿ. ಬಲಕ್ಕೆ ತಿರುಗಿದರೆ ಹತ್ತು ಮಾರು ದೂರದಲ್ಲಿ ನಿಂತು ಹೋದ ಜಂಬಿಟ್ಟಿಗೆ ಕಲ್ಲಿನ ಕ್ವಾರಿ. ಎರಡು ಅಂತಸ್ತಿನಷ್ಟು ಆಳ, ಬೇಲಿಯಿಲ್ಲ. ಇಳಿಜಾರಿನಲ್ಲಿ ವೇಗವಾಗಿ ಬಂದವರಿಗೆ ಕ್ವಾರಿಯ ಅಂಚು ಕಾಣುವುದು ಅಂಚಿನ ಮೇಲೆ ಬಂದಾಗಲೇ.

ಬೇರೆ ಊರಿನವರೂ ಭಾನುವಾರ ಬರಲು ಶುರುಮಾಡಿದ ಮೇಲೆ ಮಗಳಿಗೆ ಹೆದರಿಕೆಯಾಯಿತು. "ಅಮ್ಮಾ, ನಿನ್ನ ಅಕ್ಷರ ಬೇಕು" ಅಂದಳು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿಂದ ನನ್ನ ಜೊತೆ ಬಂದದ್ದು ಎರಡೇ: ದುಂಡಗಿನ ಅಕ್ಷರ, ಮತ್ತು ಯಾರಿಗೂ ಎದುರು ಮಾತಾಡದ ಅಭ್ಯಾಸ. ಮದುವೆಯಾದ ಮೇಲೆ ಆ ಅಕ್ಷರ ಡಬ್ಬಿಗಳ ಮೇಲೆ ಜೀರಿಗೆ, ಮೆಂತ್ಯ ಎಂದು ಬರೆಯಲಿಕ್ಕೆ, ನಮ್ಮವರ ಹಾರ್ಡ್‌ವೇರ್ ಅಂಗಡಿಯ ಬಾಗಿಲಿಗೆ "ಊಟಕ್ಕೆ ಹೋಗಿದ್ದಾರೆ" ಎಂದು ಅಂಟಿಸಲಿಕ್ಕೆ ಬಳಕೆಯಾಗಿತ್ತು. ಒಂದು ಜೀವ ಉಳಿಸುವ ಮಾತನ್ನು ಬರೆಯಲು ಯಾರೂ ಕೇಳಿರಲಿಲ್ಲ. ಹೇಳಬಾರದು, ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ನಮ್ಮವರು ಅಂಗಡಿಯ ತಗಡು ಕತ್ತರಿಸಿ ಕೊಟ್ಟರು. "ನಿಧಾನ", "ಮುಂದೆ ತಿರುವು", "ಇಳಿಜಾರು, ಬ್ರೇಕ್ ಹಿಡಿಯಿರಿ", ಕ್ವಾರಿಯ ಕಡೆಗೆ "ಅಪಾಯ, ದಾರಿ ಇಲ್ಲ". ಗೂಟ ನೆಟ್ಟು ಬಡಿದು ಬಂದರು. ಒಂದು ತಿಂಗಳಲ್ಲಿ ಒಂದೂ ಉಳಿಯಲಿಲ್ಲ. ಗುಡ್ಡದ ಬುಡದ ಮನೆಯೊಂದರಲ್ಲಿ ಆಡಿನ ಗೂಡಿನ ಬಾಗಿಲಾಗಿ ಒಂದು ಸಿಕ್ಕಿತು. "ಇಳಿಜಾರು, ಬ್ರೇಕ್ ಹಿಡಿಯಿರಿ" ಎಂಬುದರ ಮೇಲಿಂದ ಒಂದು ಮರಿ ಮೂತಿ ಹೊರಗಿಟ್ಟು ನೋಡುತ್ತಿತ್ತು. ಮಗಳು ಸಿಟ್ಟಿನಿಂದ ಕೇಳಿದರೆ ಆ ಮನೆಯ ಯಜಮಾನ ನನ್ನ ಕಡೆ ತಿರುಗಿ, "ಅಕ್ಷರ ಭಾಳ ಚೆನ್ನಾಗೈತ್ರೀ ಅಕ್ಕಾರೆ. ಅದಕ್ಕೇ ಒಳಮುಖ ಮಾಡ್ಲಿಲ್ಲ" ಅಂದ. ನಮ್ಮವರು ದಾರಿಯಲ್ಲೇ ನಿಂತು ನಕ್ಕರು. ನಾನೂ ನಕ್ಕೆ. ತಗಡು ಅಲ್ಲಿಯೇ ಉಳಿಯಿತು.

ಹೊತ್ತೊಯ್ಯಲು ಆಗದ ಕಲ್ಲಿನ ಮೇಲೆ ಬರೆಯುವುದೆಂದು ಆಮೇಲೆ ತೀರ್ಮಾನವಾಯಿತು. ದೂರಕ್ಕೆ ಕಾಣುವುದು ಹಳದಿಯ ಮೇಲೆ ಕೆಂಪು ಎಂದು ನಮ್ಮವರು ಎರಡು ಡಬ್ಬಿ ಪೇಂಟು ತಂದರು. ಕವಲಿನಲ್ಲಿ ಮತ್ತಿ ಮರದ ಕೆಳಗೆ ಮೊಣಕಾಲೆತ್ತರದ ಒಂದು ಕಲ್ಲು ಪೂರ್ವಕ್ಕೆ ಮುಖ ಮಾಡಿ ಒಂಟಿಯಾಗಿ ನಿಂತಿತ್ತು. ಅದಕ್ಕೆ ಹಳದಿ ಬಳಿದೆ. ಎಡಕ್ಕೆ ತಿರುಗುವ ಕೆಂಪು ಬಾಣ ಬರೆದೆ. ದಿನಾ ಬೆಳಿಗ್ಗೆ ಹೊಸ್ತಿಲಿಗೆ ಅರಿಸಿನ ಬಳಿದು ಕುಂಕುಮ ಇಡುವವಳು ನಾನು. ಮರದ ಕೆಳಗಿನ ಒಂಟಿ ಕಲ್ಲಿಗೆ ಹಳದಿ, ಕೆಂಪು ಬಳಿದರೆ ನಮ್ಮ ಸೀಮೆಯಲ್ಲಿ ಏನಾಗುತ್ತದೆ ಎಂಬುದು ನನಗೂ ಹೊಳೆಯಲಿಲ್ಲ, ನಮ್ಮವರಿಗೂ ಹೊಳೆಯಲಿಲ್ಲ.

ಮೂರು ವಾರಕ್ಕೆ ಅಲ್ಲಿ ಒಂದು ದಾಸವಾಳ ಕಂಡಿತು. ಆಮೇಲೆ ಹಸಿರು ಬಳೆ, ಆಮೇಲೆ ಎಣ್ಣೆ. ಚೌಡಮ್ಮ ಬಂದು ಕೂತಿದ್ದಾಳೆಂದು ಸುದ್ದಿಯಾಯಿತು. "ಟ್ರಾಫಿಕ್ ಚೌಡಮ್ಮ" ಎಂದು ನಮ್ಮವರು ಊಟಕ್ಕೆ ಕೂತಾಗ ತಮಾಷೆ ಮಾಡುತ್ತಿದ್ದರು. ಮಗಳು ಮಾತ್ರ ನಗಲಿಲ್ಲ. "ಬಾಣ ಮುಚ್ಚಿಹೋಗ್ತಿದೆ ಅಪ್ಪಾ" ಅಂದಳು. ಅವಳಿಗೆ ಪರೀಕ್ಷೆ ಹತ್ತಿರವಿತ್ತು. "ನೀನು ಓದ್ಕೋ, ನಾನು ಹೋಗಿ ಸರಿಮಾಡಿ ಬರ್ತೀನಿ" ಎಂದು ಮಾತು ಕೊಟ್ಟವಳು ನಾನು.

ಹೋದೆ. ಹೋಗಲಿಲ್ಲವೆಂದಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ, ಬ್ರಷ್ಷು, ಚಿಕ್ಕ ಡಬ್ಬಿಯಲ್ಲಿ ಕೆಂಪು ಪೇಂಟು ಸ್ಕೂಟಿಯಲ್ಲಿಟ್ಟುಕೊಂಡು ಹೋದೆ. ಕಲ್ಲು ಪೂರ್ತಿ ಕೆಂಪಗಾಗಿತ್ತು. ಎಣ್ಣೆ, ಕುಂಕುಮ ಪದರುಪದರಾಗಿ ಹೆಪ್ಪುಗಟ್ಟಿತ್ತು. ಬಲಗಡೆ ಜಾಗವನ್ನು ಯಾರೋ ಚೊಕ್ಕವಾಗಿ ಗುಡಿಸಿ, ಸಗಣಿ ಹಾಕಿ ಸಾರಿಸಿ, ರಂಗೋಲಿ ಬಿಟ್ಟಿದ್ದರು. ಎಡಗಡೆಯ ದಾರಿಯ ಮೇಲೆ ಗುಡಿಸಿದ ಎಲೆಯೆಲ್ಲ ಗುಡ್ಡೆ ಬಿದ್ದಿತ್ತು. ಇವನ್ನೆಲ್ಲ ನೋಡಿದೆ. ನನ್ನ ಕಣ್ಣಿಗೆ ಸಣ್ಣಸಣ್ಣ ವಿಷಯ ಬೀಳುತ್ತದೆ, ಅದರಲ್ಲಿ ನಾನು ಜಾಣೆ.

ಬಟ್ಟೆ ತೆಗೆಯುವಷ್ಟರಲ್ಲಿ ತಲೆಯ ಮೇಲೆ ಸೌದೆಹೊರೆ ಹೊತ್ತ ಒಬ್ಬ ಹೆಂಗಸು ಬಂದು, ಹೊರೆ ಇಳಿಸಿ, ಬೆವರು ಒರೆಸಿಕೊಂಡು ನಿಂತಳು.

"ಏನ್ ಮಾಡಾಕ ಹತ್ತೀಯವ್ವಾ?"

"ಇದು ದಾರಿ ತೋರಿಸೋ ಕಲ್ಲಮ್ಮ. ಕೆಳಗೆ ಬಾಣ ಇದೆ. ನಾನೇ ಬರೆದಿದ್ದು."

ಅವಳು ಕಲ್ಲನ್ನೂ ನನ್ನನ್ನೂ ನೋಡಿದಳು. ಸಿಟ್ಟೇನೂ ಇರಲಿಲ್ಲ. "ಬರ್ದಾಕಿ ನೀನಿರಬೋದು. ಕುಂತಾಕಿ ಆಕಿ" ಅಂದಳು. ಆಮೇಲೆ ನನ್ನ ಕೈಯ ಬಟ್ಟೆ ನೋಡಿ, "ಮಂಗಳವಾರ ಕುಂಕುಮ ಒರೆಸ್ತಾರೇನವ್ವಾ? ಅದೂ ಮುತ್ತೈದಿ ಕೈಲಿ?"

ಅವತ್ತು ಮಂಗಳವಾರ ಎಂಬುದು ನನಗೆ ನೆನಪೇ ಇರಲಿಲ್ಲ. ನಾನು ಹೇಳಬಹುದಾಗಿತ್ತು. ಪಕ್ಕದಲ್ಲೇ ಇನ್ನೊಂದು ಕಲ್ಲಿಗೆ ಬಿಳಿ ಬಣ್ಣದಲ್ಲಿ ಬರೆಯಬಹುದಾಗಿತ್ತು. ಬಲಗಡೆ ಎರಡು ಕೊಂಬೆ ಕಡಿದು ಅಡ್ಡ ಹಾಕಿದ್ದರೂ ಸಾಕಿತ್ತು. ಈಗ ದಿನಕ್ಕೊಂದು ಉಪಾಯ ಹೊಳೆಯುತ್ತದೆ. ಆಗ ನಾನು ಮಾಡಿದ್ದು, ಬಟ್ಟೆಯನ್ನು ಚೀಲಕ್ಕೆ ಸೇರಿಸಿ, ಕಲ್ಲಿನಿಂದ ಒಂದು ಚಿಟಿಕೆ ಕುಂಕುಮ ತೆಗೆದು ಹಣೆಗಿಟ್ಟುಕೊಂಡದ್ದು. ಹೆಂಗಸಿಗೆ ಸಮಾಧಾನವಾಯಿತು. ಹೊರೆ ಎತ್ತಿ ತಲೆಗಿಡಲು ಕೈಕೊಟ್ಟೆ.

ಬುಧವಾರ ಮನೆಗೆ ನೆಂಟರು. ಗುರುವಾರ ಹೋಗಬಹುದಿತ್ತು, ಹಪ್ಪಳ ಹಾಕಿದ್ದೆ. ಶುಕ್ರವಾರ ಒರೆಸುವ ಪ್ರಶ್ನೆಯೇ ಇಲ್ಲ. ಶನಿವಾರ ಸಂಜೆ ಆ ಹುಡುಗಿ ಆನವಟ್ಟಿ ಬಸ್ಸಿಳಿದು ಬಂದಳು. ಕಾನ್ವೆಂಟಿನಲ್ಲಿ ಓದಿದ ನಾನು ಕುಂಕುಮಕ್ಕೆ ಹೆದರಿ ಹಿಂದೆ ಬಂದೆ ಎಂದರೆ ಮಗಳು ನಗುತ್ತಾಳೆಂದು ಅವಳಿಗೆ ಏನೂ ಹೇಳಿರಲಿಲ್ಲ. ಆ "ಹೂಂ" ಹುಟ್ಟಿದ್ದು ಹಾಗೆ. ಮನೆಯಲ್ಲಿ ದಿನಕ್ಕೆ ಇಂಥ ಹತ್ತು ಹೂಂ ಹೇಳುತ್ತೇವೆ. ಗ್ಯಾಸ್ ಆರಿಸಿದೆಯಾ, ಹೂಂ. ಮಾತ್ರೆ ತಗೊಂಡೆಯಾ, ಹೂಂ.

ಒಂಬತ್ತಕ್ಕೆ ಸ್ವಲ್ಪ ಮೊದಲು ಫೋನ್ ಬಂತು. ಮಗಳ ದನಿ. "ಅಮ್ಮಾ, ಅವಳು ಬಿದ್ಲು. ಕ್ವಾರಿಗೆ ಬಿದ್ಲು."

ಅವಳು ಎಂಬ ಮಾತು ಕಿವಿಗೆ ಬಿದ್ದ ಕ್ಷಣ ನನ್ನ ಮೈ ಹಗುರಾಯಿತು. ಅದನ್ನು ಬಿಟ್ಟು ಉಳಿದದ್ದು ಬರೆದರೆ ಈ ಬರಹ ಸುಳ್ಳಾಗುತ್ತದೆ.

ನಡೆದದ್ದು ಇಷ್ಟು. ಮಗಳ ಸೈಕಲ್ಲಿನ ಚೈನು ಕಳಚಿತು. ಅವಳು ಇಳಿದು ಸರಿಮಾಡುತ್ತ, "ನೀನು ನಡಿ, ಕವಲಿನ ಕಲ್ಲಲ್ಲಿ ಅಮ್ಮ ಬಾಣ ಬರ್ದಿದಾರೆ, ಅದು ತೋರಿಸಿದ ಕಡೆ ಹೋಗು" ಎಂದು ಗೆಳತಿಯನ್ನು ಮುಂದೆ ಕಳಿಸಿದಳು. ಕವಲಿನಲ್ಲಿ ಹೂ ಮುಡಿದ ಕೆಂಪು ಕಲ್ಲಿತ್ತು. ಬಾಣ ಇರಲಿಲ್ಲ. ಎಡಕ್ಕೆ ಎಲೆರಾಶಿಯ ಕಿರಿದಾದ ದಾರಿ, ಬಲಕ್ಕೆ ಗುಡಿಸಿ ಸಾರಿಸಿದ ಅಗಲವಾದ ಜಾಗ. ಯಾರಾದರೂ ಬಲಕ್ಕೇ ಹೋಗುತ್ತಿದ್ದರು.

ಗುಡ್ಡದ ಬುಡದ ಮನೆಯವರು ಓಡಿ ಹೋಗಿ ಕಂಬಳಿಯಲ್ಲಿ ಎತ್ತಿಕೊಂಡು ಬಂದಿದ್ದರು. ಪುಣ್ಯಾತ್ಮರು. ಆದರೆ ಬೆನ್ನು ಮಡಚಿದಂತೆ ಎತ್ತಬಾರದೆಂದು ಅವರಿಗೆ ಗೊತ್ತಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಓರೆಯಾಗಿ ಮಲಗಿಸಿಕೊಂಡು ಹೊರಟ ನಮಗೂ ಗೊತ್ತಿರಲಿಲ್ಲ. ಶಿವಮೊಗ್ಗದವರೆಗೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಹೆಲ್ಮೆಟ್ಟಿನ ಒಳಗೆ ಕೂದಲೆಲ್ಲ ಒದ್ದೆ. "ಆಂಟಿ, ಸೈಕಲ್ ಹಾಳಾಯ್ತಾ?" ಎಂದು ಎರಡು ಸಲ ಕೇಳಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಪಾದದ ಹತ್ತಿರ ನಿಂತು, "ಕಾಲ್ಬೆರಳು ಅಲ್ಲಾಡಿಸಮ್ಮ" ಅಂದರು.

"ಅಲ್ಲಾಡಿಸ್ತಿದೀನಲ್ಲ ಸಾರ್" ಅಂದಳು ಹುಡುಗಿ.

ಬೆರಳು ಸುಮ್ಮನಿದ್ದವು. ಎರಡನೆಯ ಬೆರಳಿನ ಉಗುರಿಗೆ ರಾತ್ರಿ ನನ್ನ ಮಗಳು ಹಚ್ಚಿದ್ದ ಗುಲಾಬಿ ಬಣ್ಣವಿತ್ತು. ಜೀವಕ್ಕೆ ಅಪಾಯವಿಲ್ಲ, ಆದರೆ ನಡೆಯುವ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೊರಗೆ ಕರೆದು ಮೆಲ್ಲಗೆ ಹೇಳಿದರು.

ಮಧ್ಯಾಹ್ನ ಅವಳ ತಾಯಿ ಬಂದರು. ಗದ್ದೆಯಿಂದ ಹಾಗೇ ಬಂದಿದ್ದರು, ಸೀರೆಯ ಅಂಚಿನಲ್ಲಿ ಒಣಗಿದ ಕೆಸರು. ಎಷ್ಟೋ ಸಲ ಫೋನಿನಲ್ಲಿ "ನಿಮ್ಮನೇಲಿದಾಳೆ ಅಂದ್ರೆ ನಂಗೆ ಹೆದ್ರಿಕೆನೇ ಇಲ್ಲ ಅಕ್ಕಾ" ಎಂದವರು. ಮಗಳನ್ನು ನೋಡಿ ಹೊರಗೆ ಬಂದು ನನ್ನ ಪಕ್ಕ ಬೆಂಚಿನಲ್ಲಿ ಕೂತರು. ಅಳಲಿಲ್ಲ. ನನ್ನ ಕೈ ಹಿಡಿದುಕೊಂಡರು. ಆಮೇಲೆ ಕೇಳಿದರು.

"ಅಲ್ಲಿ ಬೋರ್ಡು ಗೀರ್ಡು ಏನೂ ಇರ್ಲಿಲ್ವಾ ಅಕ್ಕಾ?"

ಎದುರಿನ ಕಿಟಕಿಯ ಹತ್ತಿರ ನನ್ನ ಮಗಳು ನಿಂತಿದ್ದಳು. ತಿರುಗಿ ನನ್ನನ್ನು ನೋಡಿದಳು. ಈಗ ಹೇಳಬೇಕು ಎಂದುಕೊಂಡೆ. ಬಾಯಿ ತೆರೆದೆ.

"ಇತ್ತು" ಅಂದೆ.

ಅವರು ನಿಟ್ಟುಸಿರು ಬಿಟ್ಟರು. "ಇತ್ತಾ? ಹಂಗಾದ್ರೆ ನಮ್ದೇ ತಪ್ಪು ಬಿಡಿ. ಇವಳಿಗೆ ಮೊದಲಿಂದ್ಲೂ ಆತುರ, ಏನನ್ನೂ ಓದಿ ನೋಡೋಳಲ್ಲ. ಪಾಪ, ನಿಮಗೂ ಎಷ್ಟು ತೊಂದ್ರೆ ಆಯ್ತು" ಎಂದು ನನ್ನ ಬೆನ್ನು ಸವರಿದರು. ಇಪ್ಪತ್ತು ವರ್ಷದ ಮಗಳು ಇನ್ನೆಂದೂ ಎದ್ದು ನಿಲ್ಲುವುದಿಲ್ಲ ಎಂದು ಆಗತಾನೇ ಕೇಳಿದ ತಾಯಿ ನನ್ನನ್ನು ಸಮಾಧಾನ ಮಾಡಿದರು. ನಾನು ಮಾಡಿಸಿಕೊಂಡೆ.

ಸಂಜೆ ಅವರ ಮನೆಯವರೆಲ್ಲ ಬಂದ ಮೇಲೆ ನಾವು ಮೂವರೂ ಹೊರಟೆವು. ಮಗಳು ಹಿಂದಿನ ಸೀಟಿನಲ್ಲಿ, ಬೆಳಿಗ್ಗೆ ಗೆಳತಿ ಮಲಗಿದ್ದ ಕಡೆಗೆ ಕೈಯೂರದೆ, ಮೂಲೆಗೆ ಒತ್ತಿ ಕೂತಿದ್ದಳು. ಅರ್ಧ ದಾರಿಯಲ್ಲಿ ನಮ್ಮವರು ನೀರಿನ ಬಾಟಲಿ ತರಲೆಂದು ಕಾರು ನಿಲ್ಲಿಸಿ ಇಳಿದಾಗ ಅವಳು ಕಿಟಕಿಯ ಹೊರಗೇ ನೋಡುತ್ತ ಹೇಳಿದಳು: "ಅಮ್ಮಾ, ಬೆಳಿಗ್ಗೆ ನೀನು ಹೂಂ ಅಂದಿದ್ದು ನಾನು ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಸುಳ್ಳನ್ನು ಅವಳು ತನ್ನ ಪಾಲಿಗೂ ತೆಗೆದುಕೊಂಡಿದ್ದಳು. ನಾನಿರುವವರೆಗೂ, ಆಮೇಲೂ, ಅದನ್ನು ಹೊರಬೇಕಾದವಳು ಅವಳು. ಇಬ್ಬರು ಹುಡುಗಿಯರನ್ನು ಒಂದೇ ಬೆಳಿಗ್ಗೆ ಹಾಳುಮಾಡಿದೆ ಅನ್ನಿಸಿತು. "ನಾಳೆ ಹೋಗಿ ಅವರಮ್ಮನ ಹತ್ರ ಹೇಳ್ತೀನಿ" ಅಂದೆ. ಮಗಳು ಕಿಟಕಿಯ ಗಾಜು ಏರಿಸಿದಳು. ನನ್ನ ನಾಳೆಗಳ ಲೆಕ್ಕ ಅವಳಿಗೀಗ ಗೊತ್ತು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಗಳು ನೇರ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ನಾನು ಗೇಟಿನ ಚಿಲಕ ಹಾಕುತ್ತಿದ್ದೆ. ಪಕ್ಕದ ಮನೆಯವರು ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತ ಕೇಳಿದರು.

"ಹೆಂಗದಾಳಂತ್ರೀ ಆ ಹುಡುಗಿ?"

"ನಡೆಯೋದು ಕಷ್ಟ ಅಂದ್ರು."

"ಅಯ್ಯೋ ಶಿವನೇ" ಅಂದರು. ಒಂದು ಟವೆಲ್ ಕೊಡವಿ ಮಡಚಿದರು, ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು ಇನ್ನೊಂದು ತೆಗೆದರು. ಆಮೇಲೆ ಕ್ಲಿಪ್ಪನ್ನು ಕೈಗೆ ತೆಗೆದುಕೊಂಡು, "ಸದ್ಯ, ನಿಮ್ಮ ಹುಡುಗಿಗೇನೂ ಆಗ್ಲಿಲ್ಲ ನೋಡ್ರಿ. ಆ ಗುಡ್ಡದಾಗ ಕುಂತಿರೋ ತಾಯಿ ದೊಡ್ಡೋಳು. ಮಂಗಳವಾರ ಹೋಗೋದಾದ್ರೆ ನನ್ನೂ ಕರೀರಿ, ನಂದೂ ಒಂದು ಕಾಯಿ ಒಡ್ಸೋದೈತಿ" ಅಂದರು.