ಕೂರದ ಕರ್ನಲ್

ಪಕ್ಕದ ಮನೆಯ ರಿಟೈರ್ಡ್ ಕರ್ನಲ್ ಎಂದೂ ಕೂತವರಲ್ಲ. ಟೀ ಕೊಟ್ಟರೆ ಗೇಟಿನ ಬಳಿ ಅತ್ತಿತ್ತ ಓಡಾಡುತ್ತಲೇ ಕುಡಿದು, "ಕೂರೋದು ಆಮೇಲೆ, ಮ್ಯಾಡಮ್" ಎನ್ನುತ್ತಿದ್ದರು. ಅಷ್ಟೊಂದು ಮೆಡಲ್ ಪಡೆದವರು, ಪೂರ್ ಮ್ಯಾನ್!

ಒಂದು ಪಿತೃಪಕ್ಷದಲ್ಲಿ ನನ್ನನ್ನೂ ತಿಪ್ಪಸಂದ್ರಕ್ಕೆ ಕರೆದೊಯ್ದರು. ಅವರ ಕಮಾಂಡಿನಲ್ಲಿ ಹೋರಾಡಿ ಸತ್ತ ಸಿಪಾಯಿಯ ತಾಯಿ ಅಲ್ಲಿದ್ದರು. ಸೀಟು ಖಾಲಿಯಿದ್ದರೂ ಕರ್ನಲ್ ಬಸ್ಸಿನಲ್ಲಿ ನಿಂತೇ ಬಂದರು. "ಆಕೆ ಬೈದು ಕಳಿಸಿದರೆ?" ಎಂದು ದಾರಿಯುದ್ದಕ್ಕೂ ಕೇಳಿದರು.

ಆಕೆ ಮಗನ ಫೋಟೊ ಮುಂದೆ ಮುದ್ದೆ, ಬಾಡಿನ ಸಾರು, ಹೊಸ ಪಂಚೆಯ ಎಡೆ ಇಟ್ಟಿದ್ದರು. ಅವನು ಸತ್ತ ಕದನಕ್ಕಾಗಿ ತಮಗೆ ಸಿಕ್ಕಿದ್ದ ಮೆಡಲನ್ನು ಕರ್ನಲ್ ಅದರ ಪಕ್ಕದಲ್ಲಿಟ್ಟರು.

"ಇದು ಅವನದೇ, ಅವ್ವ."

ಆಕೆ ಅದನ್ನು ನೋಡಲೇ ಇಲ್ಲ. "ಅದಿರ್ಲಿ ಬುಡಿ ಸಾಮಿ. ನನ್ ಮಗ ಯಾವತ್ತೂ ಒಬ್ನೇ ಉಂಡೋನಲ್ಲ. ನೀವೂ ಕೂತ್ಕಳಿ," ಎಂದು ಇನ್ನೊಂದು ಎಲೆ ಹಾಕಿದರು.

ಕರ್ನಲ್ ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ಗೋಡೆ ಹಿಡಿದು, ನೆಲದ ಮೇಲೆ ಕೂತರು.

"ಸಾರು ಒಸಿ ಜಾಸ್ತೀನೇ ಬುಡವ್ವ," ಎಂದರು.