ಶಿಗ್ಲಿಯಿಂದ ಬಂದ ಮೇಣದ ಕೊಳವೆ

ಬೆಟಗೇರಿಯಲ್ಲಿ ನನ್ನ ಪ್ರಿಂಟಿಂಗ್ ಪ್ರೆಸ್ಸಿಗೂ ಲಾಡಸಾಬನ ರಿಪೇರಿ ಅಂಗಡಿಗೂ ನಡುವೆ ಒಂದೇ ಗೋಡೆ. ನಲವತ್ತು ವರ್ಷ ಅವನು ಆ ಕಡೆ ರೇಡಿಯೋ ಕಿರುಚಿಸಿದ್ದಾನೆ, ನಾನು ಈ ಕಡೆಯಿಂದ ಗೋಡೆ ಗುದ್ದಿದ್ದೇನೆ. ಈಗ ಅಲ್ಲಿಂದ ಸದ್ದೇ ಬರುವುದಿಲ್ಲ. ಲಾಡಸಾಬನ ಮಷಿನ್ ಫೇಲಾಯಿತು, ಮುದುಕನ ಮುಖ ಸಣ್ಣದಾಯಿತು ಎಂದು ಊರವರು ಆಡಿಕೊಳ್ಳುತ್ತಾರೆ. ಅವರ ಬಾಯಿಗಿಷ್ಟು ಮಣ್ಣು ಹಾಕ. ನಡೆದಾಗ ಅಲ್ಲಿದ್ದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಟೇಪ್ ರೆಕಾರ್ಡರ್ ರಿಪೇರಿಯಲ್ಲಿ ಲಾಡಸಾಬನನ್ನು ಮೀರಿಸಿದವರು ಈ ಸುತ್ತಿನಲ್ಲಿರಲಿಲ್ಲ. ಮೊಬೈಲ್ ಬಂದು ಆ ಕಸುಬನ್ನು ನುಂಗಿತು. ಆರು ವರ್ಷದ ಹಿಂದೆ ಲಕ್ಷ್ಮೇಶ್ವರದ ಒಬ್ಬ ಗುಜರಿಯವನು ಅವನಿಗೆ ನಾಲ್ಕು ಮೇಣದ ಕೊಳವೆ ತಂದುಕೊಟ್ಟ. ಒಂದೊಂದೂ ನೀರು ಕುಡಿಯುವ ಲೋಟದಷ್ಟು, ಎರಡೂ ಕಡೆ ಬಾಯಿ. ಗ್ರಾಮೋಫೋನ್ ತಟ್ಟೆ ಮನೆಮನೆಗೆ ಬರುವ ಮುಂಚೆ ಹಾಡನ್ನು ಇಂಥ ಕೊಳವೆಯ ಮೈಮೇಲೆ ಕೊರೆಯುತ್ತಿದ್ದರಂತೆ. ಕೊಳವೆ ಇದೆ, ನುಡಿಸುವ ಯಂತ್ರ ಇಲ್ಲ.

"ಮಷಿನ್ ಇಲ್ಲಂದ್ರ ನಾನ ಮಾಡತೇನಿ" ಅಂದ.

"ಮಾಡು ಮಾಡು, ತೆಲಿ ಕೆಟ್ಟವನ" ಅಂದೆ ನಾನು.

ಮಾಡಿದ. ಹಳೆಯ ವಿಸಿಆರ್ ಬಿಚ್ಚಿ ಮೋಟಾರ್ ತೆಗೆದ. ನನ್ನ ಪ್ರೆಸ್ಸಿನಲ್ಲಿ ಕೆಟ್ಟು ಬಿದ್ದಿದ್ದ ಕಂಪ್ಯೂಟರ್ ಪ್ರಿಂಟರಿನ ಸರಳನ್ನು ನನ್ನನ್ನು ಕೇಳದೆಯೇ ಒಯ್ದ. ಕೊಳವೆಯನ್ನು ತೊಡಿಸಿ ತಿರುಗಿಸುವ ಮರದ ದುಂಡನ್ನು, ಲಟ್ಟಣಿಗೆ ಕಡೆಯುವ ಮೌನೇಶನಿಂದ ಸಾಗವಾನಿಯಲ್ಲಿ ಕಡೆಸಿದ. ಗ್ರಾಮೋಫೋನ್ ಸೂಜಿ ಎಡಕ್ಕೆ ಬಲಕ್ಕೆ ಅಲುಗಿದರೆ, ಇದರದು ಮೇಲೆ ಕೆಳಗೆ ಅಲುಗಬೇಕಂತೆ. ಸೂಜಿಯ ಭಾರ ಎರಡು ಜೋಳದ ಕಾಳಿಗಿಂತ ಹೆಚ್ಚಾಗಬಾರದಂತೆ. ಸದ್ದು ತಂತಿಯ ಮೂಲಕ ಅವನ ಸೊಸೆಯ ಲ್ಯಾಪ್‌ಟಾಪಿಗೆ ಹೋಗುತ್ತಿತ್ತು. ಮೊದಲ ಮಷಿನ್ ಒಂದು ಕೊಳವೆಯನ್ನು ಉಳಿ ಹಾಕಿದಂತೆ ಗೀಚಿ ಹಾಳು ಮಾಡಿತು. ಆ ದಿನ ಅವನು ಊಟ ಮಾಡಲಿಲ್ಲ ಎಂದು ಅವನ ಹೆಂಡತಿ ಸುಗ್ರಾಬಿ ನನ್ನ ಮುಂದೆ ಅತ್ತಳು. ಎರಡು ವರ್ಷ ಬಿಟ್ಟು ಮೂರನೆಯ ಮಷಿನ್ ನುಡಿಯಿತು. ಯಾವುದೋ ಬ್ಯಾಂಡಿನವರು ಬಾರಿಸಿದ ಕಹಳೆ. ನೂರು ವರ್ಷದ ಹಿಂದಿನ ಉಸಿರು. ಬೈಯಲೆಂದು ಗೋಡೆ ದಾಟಿ ಹೋದವನು ಬಾಯಿ ಮುಚ್ಚಿಕೊಂಡು ಕುಳಿತೆ.

ಸುದ್ದಿ ಹಬ್ಬಿತು. ಮುಂಡರಗಿಯವರೊಬ್ಬರು, ಶಿರಹಟ್ಟಿಯವರೊಬ್ಬರು ತಮ್ಮ ಅಟ್ಟದ ಮೇಲೂ ಇಂಥವು ಇವೆ, ತರುತ್ತೇವೆ ಅಂದರು. ಅವರಿಗಿಂತ ಮೊದಲು ಬಂದವಳು ಶಿಗ್ಲಿಯ ರೇಣುಕವ್ವ.

ಎಂಬತ್ತೈದು ವರ್ಷದ ಮುದುಕಿ. ಮೊಮ್ಮಗಳು ಕಾಂಚನಾ ಕೈ ಹಿಡಿದು ತಂದಳು. ಮಡಿಲಲ್ಲಿ ರೇಷ್ಮೆ ಖಣ ಸುತ್ತಿದ ಒಂದು ಕೊಳವೆ.

"ತಮ್ಮಾ, ಇದರಾಗ ನಮ್ಮವ್ವ ಅದಾಳ" ಅಂದಳು.

ಅವಳ ತಾಯಿ ನೀಲಗಂಗವ್ವ ಲಕ್ಷ್ಮೇಶ್ವರದವಳು. ಹತ್ತು ವರ್ಷದ ಹುಡುಗಿ ಇದ್ದಾಗ ಅಲ್ಲಿಯ ಅರಳೆ ಸಾಹುಕಾರನೊಬ್ಬ ಮುಂಬೈಯಿಂದ ಯಂತ್ರ ತರಿಸಿ, ಓಣಿಯ ಮಕ್ಕಳನ್ನು ಕರೆದು ಹಾಡಿಸಿದ್ದನಂತೆ. ಇವಳ ಹಾಡು ಕೊರೆದ ಕೊಳವೆಯನ್ನು ಇವಳಿಗೇ ಕೊಟ್ಟುಬಿಟ್ಟ. ಮದುವೆಯಾಗಿ ಶಿಗ್ಲಿಗೆ ಬರುವಾಗ ಅದನ್ನೂ ತಂದಳು. ರೇಣುಕವ್ವ ಹನ್ನೊಂದು ತಿಂಗಳ ಕೂಸಿದ್ದಾಗ ಆ ತಾಯಿ ತೀರಿಕೊಂಡಳು. ಒಂದು ಫೋಟೋ ಕೂಡ ಇಲ್ಲ.

"ಮುಖಾ ಅಂತೂ ಕಂಡಿಲ್ಲ. ದನಿಯರ ಕೇಳಿ ಸಾಯತೇನಿ" ಅಂದಳು ರೇಣುಕವ್ವ.

ಲಾಡಸಾಬ ಭೂತಗನ್ನಡಿ ಹಿಡಿದು ಕೊಳವೆ ನೋಡಿದ. ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಭೂತಗನ್ನಡಿಯನ್ನು ನನ್ನ ಕೈಗಿಟ್ಟ. ಮೈಮೇಲೆಲ್ಲ ಕೂದಲಿನಂಥ ಗೀರು ಇರಬೇಕಾದ ಕಡೆ ಅಗಲವಾದ ಮೂರು ಪಟ್ಟಿಗಳು ನುಣ್ಣಗೆ ಸವೆದು ಹೊಳೆಯುತ್ತಿದ್ದವು. ಹಿಡಿದು ಎತ್ತುವ ಎರಡೂ ಅಂಚು ಬೋಳಾಗಿದ್ದವು. ಪಟ್ಟಿಗಳ ನಡುವಿನ ಸಣ್ಣ ಎರಡು ಸಂದಿಯಲ್ಲಿ ಮಾತ್ರ ಗೀರು ಉಳಿದಿತ್ತು.

"ಹುಳಾ ಹಿಂಗ ತಿನ್ನೂದಿಲ್ಲ, ಚನ್ನಣ್ಣ. ಏನಿದು?" ಎಂದು ಪಿಸುಗುಟ್ಟಿದ.

ಅವನಿಗೆ ತಿಳಿಯದೆ ಇದ್ದದ್ದು ಸಹಜ. ನನಗೆ ತಿಳಿಯಿತು. ದಿನವೂ ಸ್ನಾನವಾದ ಮೇಲೆ ಹಣೆಗೆ ವಿಭೂತಿ ಎಳೆದುಕೊಳ್ಳುವವನು ನಾನು. ನನ್ನ ಮೂರು ಬೆರಳನ್ನು ಕೊಳವೆಯ ಹತ್ತಿರ ಹಿಡಿದೆ. ಸರಿಯಾಗಿ ಕೂತವು.

ನನ್ನ ಹಾಳು ನಾಲಿಗೆ ತಡೆಯಲಿಲ್ಲ. "ಯಮ್ಮಾ, ಇದಕ್ಕ ಈಬತ್ತಿ ಹಚ್ಚತಿದ್ರೇನು?" ಎಂದು ಕೇಳಿಬಿಟ್ಟೆ.

"ಮತ್ತ? ತಾಯಿ ಅಲ್ಲೇನಪಾ" ಅಂದಳು ಮುದುಕಿ, ಹೆಮ್ಮೆಯಿಂದ. "ಏಳು ವರ್ಷದಾಕಿ ಇದ್ದಾಗ ನಮ್ಮ ಅಜ್ಜಿ ಕಲಿಸ್ಯಾಳ. ದೇವರ ಜಗಲಿ ಮ್ಯಾಗ ನಿಲ್ಲಿಸಿ, ಸೋಮವಾರಕ್ಕೊಮ್ಮೆ ಹಸಿ ಅರಿವಿಲೆ ಒರಿಸಿ, ಸುತ್ತಲೂ ಈಬತ್ತಿ ಎಳಿಯೂದು. ಒಂದ ವಾರ ತಪ್ಪಿಸಿಲ್ಲ."

ಲಾಡಸಾಬ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಎಪ್ಪತ್ತೆಂಟು ವರ್ಷದ ಸೋಮವಾರಗಳು.

ಅವನು ಕೊಳವೆಯನ್ನು ಮಷಿನ್ನಿಗೆ ಏರಿಸಿದ. ಸೂಜಿ ಇಳಿಸಿದಾಗ ಜೋಳ ಕೇರುವ ಸದ್ದು, ಬರೀ ಅದೇ. ಮೊದಲ ಸಂದಿಗೆ ಬಂದಾಗ ಒಂದು ಹುಡುಗಿಯ ಎಳೆ ಕೊರಳು ಮೇಲಕ್ಕೆ ಎದ್ದಿತು. ಶಬ್ದ ತಿಳಿಯುವ ಮೊದಲೇ ಮುಚ್ಚಿಹೋಯಿತು. ಮತ್ತೆ ಕೇರುವ ಸದ್ದು. ಎರಡನೆಯ ಸಂದಿಯಲ್ಲಿ ಹುಡುಗಿ ಹಾಡುತ್ತಿರಲಿಲ್ಲ. ಯಾರನ್ನೋ ಕೇಳುತ್ತಿದ್ದಳು. "ಸಾಕೇನ್ರಿ?"

ಅಷ್ಟೇ. ಎಲ್ಲ ಸೇರಿ ಎಂಟು ಸೆಕೆಂಡ್.

ರೇಣುಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮಷಿನ್ನಿನ ಕಡೆ ಬಾಗಿ, "ಸಾಕಾಗಿಲ್ಲಬೇ ಯವ್ವಾ" ಅಂದಳು. ಹತ್ತು ವರ್ಷದ ತಾಯಿಗೆ ಎಂಬತ್ತೈದು ವರ್ಷದ ಮಗಳು ಹೇಳಿದ ಮಾತು ಅದು. ನಾನು ಅತ್ತೆ, ಯಾಕೆ ಸುಳ್ಳು ಹೇಳಲಿ.

"ನಡುನಡುವ ಯಾಕ ನಿಂದರತೈತಿ, ತಮ್ಮಾ? ಉಳಿದಿದ್ದು ಎಲ್ಲೈತಿ?"

ಲಾಡಸಾಬ ತಲೆ ತಗ್ಗಿಸಿದ. "ನನ್ನ ಮಷಿನ್ ಸರಿ ಇಲ್ಲರಿ, ಅಮ್ಮಾರ. ಸೂಜಿ ಜಾರತೈತಿ. ಹಾಡು ಒಳಗ ಐತ್ರಿ, ತಗಿಯಾಕ ನನಗ ಬರವಲ್ದು."

ಕಾಂಚನಾಳ ಮುಖ ಬಿಗಿಯಿತು. "ಇಷ್ಟು ದೂರ ಕರಕೊಂಡು ಬಂದೇವಿ, ಮೊದಲ ಹೇಳಬಾರದೇನ್ರಿ?" ಅಂದಳು. ಲಾಡಸಾಬ ಆ ಎಂಟು ಸೆಕೆಂಡನ್ನು ಅವಳ ಮೊಬೈಲಿಗೆ ಹಾಕಿಕೊಟ್ಟ. ಕೊಳವೆಯನ್ನು ಇಲ್ಲೇ ಬಿಟ್ಟು ಹೋಗಿರಿ ಎಂದು ಬೇಡಿಕೊಂಡ. ರೇಣುಕವ್ವ ಒಪ್ಪಲಿಲ್ಲ, ಸೋಮವಾರ ಪೂಜೆ ತಪ್ಪುತ್ತದೆ ಅಂದಳು. ಇನ್ನು ಒರೆಸಬೇಡಿರಿ ಎನ್ನುವ ಮಾತು ಅವನ ಗಂಟಲವರೆಗೆ ಬಂದು ನಿಂತದ್ದು ನನಗೆ ಕಂಡಿತು. ಹೇಳಿದರೆ ಕಾರಣವನ್ನೂ ಹೇಳಬೇಕಾಗುತ್ತಿತ್ತು.

ಅವರು ಹೋದ ಮೇಲೆ ನಾನು ಹಾರಾಡಿದೆ. "ಲೇ, ನಿನ್ನ ಮಷಿನ್ನಿಗೆ ಏನಾಗೈತಿ? ಐದು ವರ್ಷ ಜೀವಾ ತೇದಿ, ನಿನ್ನ ಕೈಯಾರೆ ನೀನ ಹೆಸರು ಕೆಡಿಸ್ಕೊಂಡಿ."

"ಇನ್ನೇನ ಅನ್ನಲಿ? ನಿನ್ನ ಕೈಲೇನ ತಾಯಿ ದನಿ ಒರಿಸಿಬಿಟ್ಟೀಬೇ ಅಂತ ಹೇಳ್ಲೇನು? ಈ ವಯಸ್ಸಿನ್ಯಾಗ ಆ ಕೈ ಎಲ್ಲಿಡಬೇಕು ಆಕಿ? ಮಷಿನ್ ನಂದು. ಅದರ ಮ್ಯಾಲ ಬರಲಿ."

ಬಂತು. ಕಾಂಚನಾ ಸಿಟ್ಟಿನಲ್ಲಿ ನಾಲ್ಕು ಜನರ ಮುಂದೆ ಹೇಳಿರಬೇಕು. ಮುಂಡರಗಿಯವರು ಬರಲಿಲ್ಲ. ಶಿರಹಟ್ಟಿಯವರು, ನಮ್ಮ ಕೊಳವೆ ಕೆಟ್ಟೀತು, ಬೇಡ ಬಿಡಿ ಎಂದು ಫೋನ್ ಮಾಡಿದರು. ಲಾಡಸಾಬ ಎಲ್ಲರಿಗೂ "ಖರೆ ಐತ್ರಿ" ಅಂದ. ಚಹಾದಂಗಡಿಯಲ್ಲಿ ಅವನನ್ನು ನೋಡಿ ನಕ್ಕರು. ನಾನು ಇಬ್ಬರೊಡನೆ ಜಗಳಾಡಿ ಬಂದೆ, ನಿಜವನ್ನು ಮಾತ್ರ ಬಾಯಿ ಬಿಡಲಿಲ್ಲ. ಬಿಟ್ಟರೆ ಅವನು ನನ್ನ ಮುಖ ನೋಡುತ್ತಿರಲಿಲ್ಲ.

ಏಳು ತಿಂಗಳ ಮೇಲೆ ಕಾಂಚನಾ ಒಬ್ಬಳೇ ಬಂದಳು. ಅಜ್ಜಿ ತೀರಿಕೊಂಡು ಹದಿನೈದು ದಿನವಾಗಿತ್ತು. ಖಣದ ಗಂಟನ್ನು ಲಾಡಸಾಬನ ಮೇಜಿನ ಮೇಲೆ ಇಟ್ಟಳು. ಬಿಚ್ಚಿದ. ಕೊಳವೆಯ ಸುತ್ತ ಹತ್ತಿ ಸುತ್ತಿತ್ತು. ಮೈಮೇಲೆ ವಿಭೂತಿಯ ಕಲೆ ಒಂದೂ ಇರಲಿಲ್ಲ, ಧೂಳು ಹಾಗೆಯೇ ಕೂತಿತ್ತು.

"ನಿಮ್ಮಲ್ಲಿಂದ ಹೋದ ದಿನದಿಂದ ಇದನ್ನ ಮುಟ್ಟಲಿಲ್ಲರಿ. ಸೋಮವಾರ ಬಂದ್ರ ಜಗಲಿ ಗ್ವಾಡಿಗೆ ಈಬತ್ತಿ ಹಚ್ಚತಿದ್ಲು. ಮೊಬೈಲನ್ಯಾಗ ಆ 'ಸಾಕೇನ್ರಿ' ದಿನಾ ಹಚ್ಚಿಸಿಕೊಂಡು ಕೇಳತಿದ್ಲು. ಸಾಯೂ ಮುಂದ ಹೇಳ್ಯಾಳ್ರಿ, ಇದನ್ನ ಲಾಡಸಾಬಗ ಕೊಡು, ಅವನ ಮಷಿನ್ ಚಲೋ ಐತಿ ಅಂತ ಹೇಳು ಅಂತ."

ಲಾಡಸಾಬ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಕೇಳಿದ, "ಆಕಿಗೆ ಯಾರು ಹೇಳಿದ್ರವಾ?"

"ಯಾರೂ ಹೇಳಿಲ್ಲರಿ. ಅವತ್ತು ಹೋಗುವಾಗ ಬಸ್ಸಿನ್ಯಾಗ ತನ್ನ ಕೈ ನೋಡಿಕೊಂತ ಕುಂತಿದ್ಲು. ಪ್ರೆಸ್ಸಿನಾಂವ ಯಾಕ ಹಂಗ ಕೇಳಿದ ಅಂತ ಒಮ್ಮೆ ಅಂದ್ಲು."

ಆ ಪ್ರಶ್ನೆ ಕೇಳಿದ್ದ ನಾನು ಅಲ್ಲೇ ಇದ್ದೆ, ಸ್ಟೂಲಿನ ಮೇಲೆ. ಲಾಡಸಾಬ ನನ್ನ ಕಡೆ ತಿರುಗಲಿಲ್ಲ, ಬೈಯಲೂ ಇಲ್ಲ. ಕೊಳವೆಗೆ ಮತ್ತೆ ಹತ್ತಿ ಸುತ್ತಿ ಕಪಾಟಿನಲ್ಲಿಟ್ಟ. ಮಷಿನ್ನಿನ ಮೇಲೆ ಅರಿವೆ ಎಳೆದ. ಅಂದಿನಿಂದ ಅದನ್ನು ಚಾಲೂ ಮಾಡಿಲ್ಲ.