ಅತಿಥಿ ಬರುವ ತನಕದ ಆಟ

ನಮ್ಮೂರಿನಲ್ಲಿ ಹುಡುಗಿಯರ ಫುಟ್‌ಬಾಲ್ ಪಂದ್ಯವೆಂದರೆ ಮೂವತ್ತೈದು ನಿಮಿಷದ ಎರಡು ಅವಧಿ, ನಡುವೆ ಹತ್ತು ನಿಮಿಷ ಬಿಡುವು ಎಂದು ಹೈಸ್ಕೂಲಿನ ಪಿ.ಟಿ. ಮಾಸ್ತರರು ಹೇಳುತ್ತಿದ್ದರು. ಅದು ಪುಸ್ತಕದ ಲೆಕ್ಕ. ಮೈದಾನದ ಲೆಕ್ಕ ಬೇರೆಯೇ ಇತ್ತು: ಮುಖ್ಯ ಅತಿಥಿಗಳ ಜೀಪು ಗೇಟಿಗೆ ಬರುವ ತನಕ. ಜೀಪು ಬಂತೆಂದರೆ ಆಟ ಮುಗಿಯಿತು. ಚೆಂಡು ಗೋಲಿನ ಬಾಯಲ್ಲಿದ್ದರೂ ಅದನ್ನು ಎತ್ತಿ ಬಗಲಲ್ಲಿಟ್ಟುಕೊಂಡು ಹುಡುಗಿಯರು ಹೊರಗೆ ಬರಬೇಕು, ವೇದಿಕೆಯ ಮುಂದೆ ಸಾಲಾಗಿ ನಿಂತು ಸ್ವಾಗತಗೀತೆ ಹಾಡಬೇಕು. ಹೀಗೆ ಮೂರು ವರ್ಷ ಆಡಿದರು. ಒಂದು ಪಂದ್ಯವನ್ನೂ ಮುಗಿಸಲಿಲ್ಲ. ಹಾಗಾಗಿ ಪಾಪ, ಒಂದನ್ನೂ ಸೋತಿರಲೂ ಇಲ್ಲ.

ಸವದತ್ತಿಯಿಂದ ಬೈಲಹೊಂಗಲಕ್ಕೆ ಹೋಗುವ ಬಸ್ಸು ಚಹಾಕ್ಕೆಂದು ಹತ್ತು ನಿಮಿಷ ನಿಲ್ಲುವಷ್ಟು ದೊಡ್ಡದು ನಮ್ಮೂರು. ವರ್ಷಕ್ಕೊಮ್ಮೆ, ಹಿಂಗಾರಿ ಬಿತ್ತನೆ ಮುಗಿದ ಮೇಲೆ, ಫುಟ್‌ಬಾಲ್ ಟೂರ್ನಮೆಂಟು. ಆಗ ಎಲ್ಲರಿಗೂ ಬಿಡುವಿರುತ್ತದೆ ಎಂದು ಕಮಿಟಿಯವರು ಕರಪತ್ರದಲ್ಲಿ ಹಾಕಿಸುತ್ತಿದ್ದರು. ಎಲ್ಲರಿಗೂ ಎಂದರೆ ಗಂಡಸರಿಗೆ. ಅದೇ ಹೊತ್ತಿಗೆ ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ಶುರುವಾಗುತ್ತದೆ, ಅದು ಹೆಂಗಸರದು.

ನಮ್ಮ ಮನೆಯ ಮಾಳಿಗೆಯಿಂದ ಮೈದಾನ ಪೂರ್ತಿ ಕಾಣುತ್ತದೆ. ಸಂಡಿಗೆ ಹಪ್ಪಳ ಒಣಹಾಕಿ ಕಾಗೆ ಓಡಿಸುತ್ತ ಕೂತು, ತೊಂಬತ್ತರ ದಶಕವಿಡೀ ನಾನು ಗಂಡಸರ ಫುಟ್‌ಬಾಲ್ ನೋಡಿದ್ದೇನೆ. ನೋಡಿದಷ್ಟು ಹೇಳುತ್ತೇನೆ. ಅವರ ಆಟದಲ್ಲಿ ಓಟಕ್ಕಿಂತ ವಾದ ಹೆಚ್ಚು. ಒಬ್ಬ ಬಿದ್ದರೆ ಮೊದಲು ಮೊಣಕಾಲು ನೋಡಿಕೊಳ್ಳುವುದಿಲ್ಲ, ರೆಫರಿಯ ಮುಖ ನೋಡುತ್ತಾನೆ. ರೆಫರಿ ಬೇರೆ ಕಡೆ ನೋಡುತ್ತಿದ್ದರೆ ಎದ್ದು ಓಡುತ್ತಾನೆ, ಇತ್ತ ನೋಡಿದರೆ ಮತ್ತೆ ಮಲಗುತ್ತಾನೆ. ಆಫ್‌ಸೈಡ್ ಎಂದರೇನು ಎಂದು ಊರಿನಲ್ಲಿ ಇಬ್ಬರು ಒಂದೇ ರೀತಿ ಹೇಳುವುದನ್ನು ನಾನು ಕೇಳಿಲ್ಲ. ಆದರೆ ಅದರ ಸಲುವಾಗಿ ಅಂಗಿ ಹರಿದುಕೊಳ್ಳದ ವರ್ಷವೂ ಇಲ್ಲ. ಹುಡುಗಿಯರು ಬಿದ್ದರೆ? ಮೊದಲು ಅಂಗಿ ಕೆಳಗೆ ಎಳೆದುಕೊಂಡು, ಆಮೇಲೆ ಸುತ್ತ ನೋಡಿ, ಎದ್ದು ಓಡುತ್ತಿದ್ದರು. ಆ ಅಂಗಿಗಳಾದರೂ ಗಂಡಸರ ತಂಡದವು, ಎರಡು ವರ್ಷ ತೊಟ್ಟು ಬಿಟ್ಟವು. ಬೆನ್ನ ಮೇಲೆ ಹತ್ತಿಬೀಜದ ಜಾಹೀರಾತು. ತೋಳು ಬಿಚ್ಚಿ, ಬಗಲು ಹಿಡಿದು, ಹನ್ನೊಂದು ಅಂಗಿಗಳನ್ನು ನಾನೇ ಹೊಲಿಗೆ ಮಷಿನ್ನಿನಲ್ಲಿ ಸಣ್ಣ ಮಾಡಿಕೊಟ್ಟಿದ್ದೆ. ಹನ್ನೊಂದರಲ್ಲಿ ಒಂಬತ್ತು ಹೊಟ್ಟೆಯ ಹತ್ತಿರ ಸಡಿಲಾಗಿದ್ದವು. ಗಂಡಸರು ಎಷ್ಟು ಓಡುತ್ತಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆ ಹುಡುಗಿಯರಲ್ಲಿ ಗೋಲು ಕಾಯುವವಳು ನನ್ನ ತಮ್ಮನ ಮಗಳು. ತಮ್ಮ ಟೂರ್ನಮೆಂಟ್ ಕಮಿಟಿಯ ಕಾರ್ಯದರ್ಶಿ. ಮಗಳು ಹಾರಿ ಚೆಂಡು ಹಿಡಿದರೆ ಅವನಿಗೆ ಹೆಮ್ಮೆಯೇ. ಆದರೆ ಆ ಹೆಮ್ಮೆ ಮನೆಯೊಳಗಿನದು, ಕಮಿಟಿಯ ಕೋಣೆಗೆ ಬರುವಾಗ ಅದನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬರುತ್ತಿದ್ದ. ಹುಡುಗಿಯರು ಬೆಳಕು ಹರಿಯುವ ಮುಂಚೆ ನೀರು ತುಂಬಿ, ಕಸ ಹೊಡೆದು, ಆಮೇಲೆ ಒಂದು ತಾಸು ಮೈದಾನದಲ್ಲಿ ಆಡುತ್ತಿದ್ದರು. ವಾರಕ್ಕೆ ಎರಡು ಸಂಜೆಯಾದರೂ ಮೈದಾನ ಕೊಡಿ ಎಂದು ಆ ವರ್ಷ ಕೇಳಿದರು. ಹೊಸ ಶತಮಾನ ಬಂದು ಮೂರ್ನಾಲ್ಕು ವರ್ಷವಾಗಿತ್ತು, ಕೇಳಬಹುದು ಅಂದುಕೊಂಡಿರಬೇಕು.

ತಮ್ಮ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತ.

"ಅಕ್ಕಾ, ಅವ್ರಿಗೆ ಸಂಜಿ ಗ್ರೌಂಡ್ ಕೊಟ್ಟು ಏನ್ ಮಾಡೂದು? ಇಷ್ಟ್ ವರ್ಷದಾಗ ಒಂದರ ಮ್ಯಾಚ್ ಪೂರಾ ಆಡ್ಯಾರೇನು?"

"ಆಡಾಕ ಬಿಟ್ಟೀರೇನೋ ನೀವು?"

"ಅದೆಲ್ಲಾ ನಂಗ್ ಗೊತ್ತಿಲ್ಲ. ಕಮಿಟಿಯೊಳಗ ಠರಾವ್ ಆಗೇತಿ. ಈ ಸಲ ಪೂರಾ ಮ್ಯಾಚ್ ಆಡಿ ತೋರ್ಸಿದ್ರ ಮಂಗಳವಾರ, ಶುಕ್ರವಾರ ಸಂಜಿ ಅವರದು. ಇಲ್ಲಂದ್ರ ಮುಂಜಾನಿದೂ ಬಂದ್. ಟೀಮ ಇಲ್ಲ, ಮುಗೀತು."

"ನಿನ್ನ ಮಗಳಿಗೆ ಹೇಳಿದೇನು ಇದನ್ನ?"

ಅವನು ಟಾವೆಲ್ಲಿನಿಂದ ಮುಖ ಒರೆಸಿಕೊಂಡ. "ನೀ ಹೇಳಬೇ, ನಿನ್ನ ಮಾತು ಕೇಳ್ತಾಳ." ಎದ್ದು ಹೋಗುವಾಗ ತಿರುಗಿ ನಿಂತ. "ಹಾಂ, ಮತ್ತ ಅತಿಥಿಗಳ ಸ್ವಾಗತದ ಕೆಲಸ ನಿಂದು. ಹೋದ ವರ್ಷ ಸ್ವಾಗತ ಸಪ್ಪ ಆತು ಅಂತ ಮಂದಿ ಮಾತಾಡಿದ್ರು. ಈ ಸಲ ಏನೂ ಕಡಿಮಿ ಆಗಬಾರದು."

"ಏನೂ ಕಡಿಮಿ ಆಗಂಗಿಲ್ಲ ಬಿಡು," ಎಂದೆ. ಆಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ನಿಜವಾಗಿಯೂ.

ಸೊಸೆಗೆ, ಅಂದರೆ ತಮ್ಮನ ಮಗಳಿಗೆ, ನಾನೇ ಹೇಳಿದೆ. ಅವಳು ಅಳಲಿಲ್ಲ. "ಅತ್ತಿ, ಅತಿಥಿ ಎಷ್ಟಕ್ಕ ಬರ್ತಾರಂತ?" ಎಂದಷ್ಟೇ ಕೇಳಿದಳು.

"ನಾಕಕ್ಕ ಕರದಾರ. ಬರೂದು ಐದೂವರಿಗೆ. ಯಾವತ್ತರ ಹೊತ್ತಿಗೆ ಸರಿಯಾಗಿ ಬಂದಾರೇನು?"

ಅತಿಥಿಗಳು ತಾಲೂಕಿನ ದೊಡ್ಡ ಮನುಷ್ಯರೊಬ್ಬರು. ಚುನಾವಣೆ ಹತ್ತಿರದಲ್ಲಿತ್ತು ಎಂದರೆ ಸಾಕು. ಹುಡುಗಿಯರ ಪಂದ್ಯ ಮೂರೂವರೆಗೆ, ರಾಮದುರ್ಗದ ಕಡೆಯ ಒಂದು ಸಾಲೆಯ ತಂಡದ ಜೊತೆ. ಐದರೊಳಗೆ ಮುಗಿಯುತ್ತದೆ. ದೊಡ್ಡವರು ತಡವಾಗಿ ಬರುವ ಪದ್ಧತಿಯೇ ಈ ಸಲ ನಮ್ಮನ್ನು ಕಾಯುತ್ತದೆ ಎಂದು ನಾವು ನಿಶ್ಚಿಂತೆಯಿಂದಿದ್ದೆವು.

ಆ ದಿನ ಮೂರು ಗಂಟೆಗೆ ನಮ್ಮ ಮನೆಯ ಫೋನು ಬಡಿದುಕೊಂಡಿತು. ಓಣಿಯಲ್ಲಿ ಫೋನು ಇದ್ದದ್ದು ನಮ್ಮಲ್ಲಿ ಮಾತ್ರ. ಕರೆ ನಮ್ಮ ಪಕ್ಕದ ಮನೆಯ ಭಾಬಿಗೆ, ಅವಳ ಗಂಡನಿಂದ. ಅವನು ಬಾಡಿಗೆ ಜೀಪಿನ ಡ್ರೈವರ್. ಅತಿಥಿಗಳನ್ನು ಕರೆತರಲು ಸವದತ್ತಿಗೆ ಹೋಗಿದ್ದವನು ಅವನೇ. ಅವರ ಮಗಳು ನಮ್ಮ ತಂಡದಲ್ಲಿ ಮುಂದೆ ಓಡುವವಳು. ಭಾಬಿ ಮಾತಾಡಿ ಫೋನಿಟ್ಟು ನನ್ನ ಕಡೆ ತಿರುಗಿದಳು.

"ಅಕ್ಕಾರ, ಸಾಹೇಬ್ರು ಆಗಲೇ ತಯಾರಾಗಿ ಕುಂತಾರಂತ. ಅವರದು ಬ್ಯಾರೆ ಕಾರ್ಯಕ್ರಮ ಇತ್ತಂತ, ಅದು ರದ್ದ ಆತಂತ. ನಾಕಕ್ಕ ಇಲ್ಲೇ ಇರ್ತಾರ."

"ನಾಕಂದ್ರ ನಾಕಕ್ಕs?"

"ಒಂದ್ ನಿಮಿಷ ಆ ಕಡೆ ಇಲ್ಲ, ಈ ಕಡೆ ಇಲ್ಲ."

ನಾನು ಆರತಿ ತಟ್ಟೆಯಲ್ಲಿ ಹೂವು ಜೋಡಿಸುತ್ತಿದ್ದೆ. ಮೈದಾನದಲ್ಲಿ ಮೈಕ್ ಇನ್ನೂ 'ಹಲೋ, ಹಲೋ, ಚೆಕ್' ಎನ್ನುತ್ತಿತ್ತು. ಮೂರೂವರೆಯ ಪಂದ್ಯ ಪಾವುಕಮ್ಮಿ ನಾಲ್ಕಕ್ಕೆ, ಅಂದರೆ ಮೂರೂ ಮುಕ್ಕಾಲಿಗೆ, ಶುರುವಾಗುವುದು ಖಚಿತ. ಹಾಗಾದರೆ ಮುಗಿಯುವುದು ಐದೂ ಐದಕ್ಕೆ. ನಡುವೆ ಒಂದು ತಾಸಿನ ಮೇಲೆ ಐದು ನಿಮಿಷ. ಆ ಒಂದು ತಾಸು ಅತಿಥಿ ಎಲ್ಲಿರಬೇಕು?

ಭಾಬಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಊರ ಅಗಸಿ ಬಾಗಿಲಿನಿಂದ ಮೈದಾನಕ್ಕೆ ಇರುವುದು ನಮ್ಮ ಓಣಿಯ ಮೂಲಕ ಒಂದೇ ದಾರಿ. ಓಣಿಯಲ್ಲಿ ಆರತಿಗೆ ಹೊರಟವರದು ಐದು ಮನೆ. "ಏನೂ ಕಡಿಮಿ ಆಗಬಾರದು ಅಂತ ಹೇಳ್ಯಾನ ನನ್ನ ತಮ್ಮ," ಎಂದೆ. "ಒಲಿ ಹಚ್ಚೂನು ನಡೀರಿ," ಎಂದಳು ಭಾಬಿ.

ನಮ್ಮ ಕಡೆಯ ಒಂದು ಪದ್ಧತಿ ಹೇಳದಿದ್ದರೆ ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ಮನೆ ಮುಂದೆ ಬಂದವರನ್ನು 'ಚಹಾ ಕುಡದ ಹೋಗ್ರಿ' ಎಂದು ಕರೆದರೆ ಇಲ್ಲ ಎನ್ನುವ ಹಾಗಿಲ್ಲ. ಒಂದು ಮನೆಯಲ್ಲಿ ಕುಡಿದು ಪಕ್ಕದ ಮನೆಯನ್ನು ದಾಟಿ ಹೋದರಂತೂ ಆ ಪಕ್ಕದ ಮನೆಯವರು ಅದನ್ನು ಮೊಮ್ಮಕ್ಕಳ ಮದುವೆಯ ಪಂಕ್ತಿಯಲ್ಲೂ ನೆನೆಸುತ್ತಾರೆ. ಮತ ಕೇಳಬೇಕಾದವರು ಈ ಪದ್ಧತಿಯನ್ನು ನಮಗಿಂತ ಚೆನ್ನಾಗಿ ಬಲ್ಲರು.

ನಾಲ್ಕಕ್ಕೆ ಸರಿಯಾಗಿ ಜೀಪು ಅಗಸಿಯಲ್ಲಿ ಬಂತು. ಆರತಿಯಾಯಿತು, ಕುಂಕುಮವಾಯಿತು. ಅತಿಥಿಗಳು ಜೀಪು ಹತ್ತಲು ಹೋದಾಗ ಡ್ರೈವರ್ ಆಗಲೇ ಇಳಿದು ಬಾನೆಟ್ಟು ಒರೆಸುತ್ತಿದ್ದ. ಮೊದಲನೆಯ ಮನೆಯ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. "ಬರ್ರೀ ಯಪ್ಪಾ, ಉಪ್ಪಿಟ್ಟು ಆರತೈತಿ."

ಉಪ್ಪಿಟ್ಟು, ಚಹಾ. ಎರಡನೆಯ ಮನೆಯಲ್ಲಿ ಚಕ್ಕುಲಿ, ಚಹಾ, ಟಾವೆಲ್ ಹೊದಿಸಿ ಸತ್ಕಾರ. ಮೂರನೆಯದರಲ್ಲಿ ಚಹಾ ಬೇಡವೆಂದರು. "ಹಂಗಾದ್ರ ಹಾಲು ತರತೇನಿ" ಎಂದು ಹೋದ ಮನೆಯೊಡತಿ ಎಮ್ಮೆ ಹಿಂಡಿಕೊಂಡೇ ಬಂದಳು. ಆಟದ ಮಧ್ಯೆ ವೇಳೆ ಕೊಲ್ಲುವುದು ಗಂಡಸರದೇ ವಿದ್ಯೆ. ನಾವು ಅದನ್ನು ಮೈದಾನದ ಹೊರಗೆ ಕಲಿತೆವು ಅಷ್ಟೆ.

ಅಷ್ಟರಲ್ಲಿ ಮೈಕ್ ಕೂಗುತ್ತಲೇ ಇತ್ತು: "ಮುಖ್ಯ ಅತಿಥಿಗಳು ಇನ್ನೇನು ಕೆಲವೇ ಕ್ಷಣಗಳಲ್ಲಿ ಆಗಮಿಸಲಿದ್ದಾರೆ..." ಅತಿಥಿಗಳು ಹಾಲಿನ ಲೋಟ ಹಿಡಿದು ಚಡಪಡಿಸಿದರು. ಮೈದಾನದಲ್ಲಾದರೋ, ಅವರು ಬಾರದೆ ಆಟ ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ, ನಿಲ್ಲಿಸಿದರೆ ಕೂತ ಜನ ಎದ್ದು ಹೋಗುತ್ತಾರೆ.

ನಾಲ್ಕನೆಯದು ಭಾಬಿಯ ಮನೆ. ಖಾರಿ ಬಿಸ್ಕೀಟು, ಚಹಾ ಬರುವ ಹೊತ್ತಿಗೆ ನನ್ನ ತಮ್ಮ ಎದೆಗೆ ಕಾರ್ಯದರ್ಶಿಯ ಬಿಲ್ಲೆ ಚುಚ್ಚಿಕೊಂಡು ಬೆವರುತ್ತ ಓಡಿ ಬಂದ.

"ಅಕ್ಕಾ! ಏನ್ ನಡಸಿ ನೀ?"

"ನೀನ ಅಂದೀಯಲ್ಲೋ, ಏನೂ ಕಡಿಮಿ ಆಗಬಾರದಂತ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಅತಿಥಿಗಳು, "ಬರ್ರಿ ಕಾರ್ಯದರ್ಶಿಗಳ, ಕುಂದರ್ರಿ, ನೀವೂ ಒಂದ್ ಕಪ್ ತಗೋರಿ. ಒಬ್ಬಾವನ ಕೈಲೆ ಆಗವಲ್ದು," ಎಂದರು. ತಮ್ಮ ಕೂತ. ಬಿಸಿ ಚಹಾ ಬಸಿಗೆ ಸುರುವಿಕೊಂಡು, ಬಸಿಯ ಮೇಲಿಂದ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಐದನೆಯದು ನಮ್ಮ ಮನೆ. ಶೇಂಗಾ ಹೋಳಿಗೆ ಬಡಿಸಿದೆ.

"ಬ್ಯಾಡ್ರಿ ತಾಯಿ, ನನಗ ಶುಗರ್ ಐತಿ."

"ಸಕ್ಕರಿ ಹಾಕಿಲ್ಲರಿ, ಬೆಲ್ಲದ್ದು."

ಅವರು ಹೋಳಿಗೆ ಮುರಿಯುತ್ತಿದ್ದಾಗ ಮೈದಾನದಲ್ಲಿ ದೊಡ್ಡ ಕೂಗೆದ್ದಿತು. ಕೆಂಪು ಚಟ್ನಿ ತರುತ್ತೇನೆಂದು ಹೇಳಿ ನಾನು ಮಾಳಿಗೆ ಹತ್ತಿದೆ. ಮಾಳಿಗೆಯಲ್ಲಿ ಚಟ್ನಿ ಇರುವುದಿಲ್ಲ, ಅದು ಅತಿಥಿಗಳಿಗೆ ಗೊತ್ತಿಲ್ಲ. ಒಂದೇ ನಿಮಿಷ ನಿಂತೆ. ಸೊಸೆ ಗೋಲಿನ ಮುಂದೆ ನೆಲಕ್ಕೆ ಬಿದ್ದಿದ್ದಳು, ಚೆಂಡು ಹೊಟ್ಟೆಯ ಕೆಳಗೆ. ಎದ್ದಳು. ಅಂಗಿ ಎಳೆದುಕೊಳ್ಳಲಿಲ್ಲ. ಚೆಂಡನ್ನು ಒದ್ದಳು, ಅದು ಮೈದಾನದ ಅರ್ಧ ದಾಟಿ ಭಾಬಿಯ ಮಗಳ ಕಾಲಿಗೆ ಹೋಯಿತು. ನಾನು ಕೆಳಗಿಳಿದೆ. ಆ ಪಂದ್ಯದಲ್ಲಿ ನಾನು ನೋಡಿದ್ದು ಅಷ್ಟೇ. ಉಳಿದದ್ದನ್ನೆಲ್ಲ ಬಡಿಸುತ್ತ ಕಿವಿಯಲ್ಲಿ ಕೇಳಿದೆ. ಕೊನೆಯ ಉದ್ದ ಸೀಟಿ ಕೇಳಿದಾಗ ಭಾಬಿ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು. ಕೈಗೆಲ್ಲ ತುಪ್ಪ.

"ನಡೀರಿ ಸಾಹೇಬ್ರ, ಹೊತ್ತಾತು," ಎಂದು ನಾನೇ ಎಬ್ಬಿಸಿದೆ.

ನಮ್ಮ ಹುಡುಗಿಯರು ಎರಡು-ಒಂದರಲ್ಲಿ ಸೋತಿದ್ದರು. ಆ ಒಂದು ಗೋಲು ಭಾಬಿಯ ಮಗಳದು. ಉಳಿದ ಹೋಳಿಗೆಗಳನ್ನು ಗೆದ್ದ ಹುಡುಗಿಯರಿಗೆ ಕೊಟ್ಟೆವು. ಊರಿಗೆ ಬಂದ ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸುವುದುಂಟೆ? ನಮ್ಮವರೂ ಅವರ ಜೊತೆಗೇ ಕೂತು ತಿಂದರು, ಹೋಳಿಗೆ ತುಂಬಿದ ಬಾಯಲ್ಲೇ ಎರಡನೆಯ ಗೋಲು ಹೇಗಾಯಿತೆಂದು ಒಬ್ಬರಿಗೊಬ್ಬರು ವಿವರಿಸಿಕೊಂಡರು.

ಆಮೇಲೆ ಗಂಡಸರ ಫೈನಲ್ಲು. ಅದಕ್ಕೂ ಮೊದಲು ಹಾರ, ಪೇಟ, ಭಾಷಣ. ಅತಿಥಿಗಳು ನಮ್ಮೂರಿನ ಆತಿಥ್ಯವನ್ನೇ ಅರ್ಧ ಗಂಟೆ ಹೊಗಳಿದರು. ಆಟ ಶುರುವಾದಾಗ ಸೂರ್ಯ ಮುಳುಗಲು ಬಂದಿದ್ದ. ಹದಿನೈದು ನಿಮಿಷಕ್ಕೆ ಆಫ್‌ಸೈಡ್ ಎಂದು ಜಗಳ. ಜಗಳ ಅರ್ಧ ಗಂಟೆ ನಡೆಯಿತು, ಎರಡು ಅವಧಿಯಲ್ಲಿ. ಕತ್ತಲಾಯಿತು. ಹೊರಗಿನ ತಂಡ ಹಿಂದಿನ ಗೇಟಿನಿಂದ ಟೆಂಪೋ ಹತ್ತಿ ಹೋಯಿತು. ಹೋಳಿಗೆಯ ಮಾತು ಯಾರೂ ಎತ್ತಲಿಲ್ಲ.

ಮರುದಿನ ತಮ್ಮ ಬಂದು ಮತ್ತೆ ಅದೇ ಕಟ್ಟೆಯ ಮೇಲೆ ಕೂತ. ಸೊಸೆ ಬಾಗಿಲ ಹಿಂದೆ ನಿಂತಿದ್ದಳು, ಮೊಣಕೈಗೆ ಅರಿಸಿನ ಹಚ್ಚಿಕೊಂಡು.

"ಆದ್ರೂ ಅಕ್ಕಾ, ಸೋತ್ರಲ್ಲ?"

"ಸೋಲಬೇಕಂದ್ರೂ ಪೂರಾ ಆಡಬೇಕಲ್ಲೋ ತಮ್ಮಾ. ನಿಮ್ಮಾವ್ರು ಗೆದ್ರೋ ಸೋತ್ರೋ, ಇನ್ನೂ ಯಾರಿಗೂ ಗೊತ್ತಿಲ್ಲ."

ಅವನು ನಗಬಾರದೆಂದು ಬಹಳ ಪ್ರಯತ್ನಪಟ್ಟ. ಬಾಗಿಲ ಕಡೆ ನೋಡದೆ, "ಮಂಗಳವಾರ ಐದಕ್ಕ. ಹೊತ್ತ್ ಮಾಡಬ್ಯಾಡ್ರಿ," ಎಂದ. ಟಾವೆಲ್ ಹೆಗಲಿಗೆ ಹಾಕಿಕೊಳ್ಳುತ್ತ, "ಆ ಕೊನೀ ಚೆಂಡು ಚೊಲೋ ಹಿಡದಿ ಅಂತ. ಮಂದಿ ಹೇಳಾಕತ್ತಿದ್ರು. ನಾ ನೋಡಲಿಲ್ಲ, ನಿಮ್ಮತ್ತಿ ಚಹಾ ಕುಡಸಾಕತ್ತಿದ್ಲು," ಎಂದು ಎದ್ದು ಹೋದ.

ಮುಂದಿನ ವರ್ಷದ ಅತಿಥಿಗಳಿಗೆ ಕಮಿಟಿಯವರು ಹೊಲದ ಮೇಲಿಂದ ಬೇರೆ ದಾರಿ ಮಾಡಿಸಿದರೆಂಬುದು ನಿಜ. ಆದರೆ ಅಷ್ಟರಲ್ಲಿ ಮಂಗಳವಾರ, ಶುಕ್ರವಾರಗಳು ರೂಢಿಯಾಗಿಬಿಟ್ಟಿದ್ದವು. ನಮ್ಮೂರಿನಲ್ಲಿ ರೂಢಿಯಾದದ್ದನ್ನು ಯಾವ ಠರಾವೂ ಅಲ್ಲಾಡಿಸುವುದಿಲ್ಲ.

ಮೊದಲ ಮಂಗಳವಾರ ನಾನು ಐದು ಗಂಟೆಗೆ ಮಾಳಿಗೆ ಹತ್ತಿದೆ. ಗಂಡಸರ ತಂಡದವರು ಗೆರೆಯ ಹೊರಗೆ ಕೈಕಟ್ಟಿ ನಿಂತು, ಹೇಗೆ ಒದೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಒಬ್ಬರ ಮೇಲೊಬ್ಬರು ಹೇಳಿಕೊಡುತ್ತಿದ್ದರು. ಹುಡುಗಿಯರು ಆಡುತ್ತಿದ್ದರು. ಆ ಹೊತ್ತಿನಲ್ಲಿ ಒಣಹಾಕಲು ಏನೂ ಇರುವುದಿಲ್ಲ. ಕೆಳಗಿಂದ ಯಾರಾದರೂ ಕೇಳಿದರೆ ತೋರಿಸಲೆಂದು ಒಂದು ಮೊರದಲ್ಲಿ ಹಿಡಿ ಮೆಣಸಿನಕಾಯಿ ಮುಂದಿಟ್ಟುಕೊಂಡು, ಕಾಗೆ ಓಡಿಸುವ ಕೋಲು ಹಿಡಿದು, ಕೊನೆಯ ಸೀಟಿಯ ತನಕ ಕೂತಿದ್ದೆ.